ಕೊನೆಯ ಅಧ್ಯಾಯದ ಶುದ್ಧಪ್ರತಿ

ಜೇಬಿನಲ್ಲಿ ನಾಲ್ಕು ಪೆನ್ನು ಸಿಕ್ಕಿಸಿಕೊಂಡು ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದ ಜವರಯ್ಯನನ್ನು ನೋಡಿ ಕಂಡಕ್ಟರ್ ಹನುಮಯ್ಯ, 'ಏನ್ ಮೇಷ್ಟ್ರೇ, ಪೆನ್ನಿನ್ ಅಂಗಡಿ ಇಡೋ ಹಂಗೈತಲ್ಲ' ಎಂದ. ಎರಡು ತಿಂಗಳ ಹಿಂದಾಗಿದ್ದರೆ ಜವರಯ್ಯನೂ ಏನಾದರೊಂದು ತಿರುಗಿಸಿ ಹೇಳಿ ನಗಿಸುತ್ತಿದ್ದ. ಈಗ ನಗಲು ಹೋಗಿ ಬಾಯಿ ಅರ್ಧಕ್ಕೇ ನಿಂತಿತು. ಹನುಮಯ್ಯ ಅದನ್ನು ಗಮನಿಸಿದನೋ ಇಲ್ಲವೋ, ಟಿಕೆಟ್ ಹರಿದುಕೊಟ್ಟು ಮುಂದೆ ಹೋದ. ಅರಸೀಕೆರೆಗೆ ಒಂದು ಟಿಕೆಟ್. ಇಪ್ಪತ್ತಾರು ವರ್ಷದಿಂದ ಹೆಚ್ಚುಕಮ್ಮಿ ಪ್ರತಿ ಭಾನುವಾರ ಅರಸೀಕೆರೆಗೆ ಒಂದು ಟಿಕೆಟ್. ಆದರೆ ಗುರುಗಳು ದೇವೀರಪ್ಪನವರು ತೀರಿಕೊಂಡ ಮೇಲೆ ಇದೇ ಮೊದಲು. ಕಿಟಕಿ ಪಕ್ಕ ಕೂತು ಹಸಿರು ಫೈಲನ್ನು ತೊಡೆಯ ಮೇಲಿಟ್ಟುಕೊಂಡ. ಅದರಲ್ಲಿ ಅವರ ಕೊನೆಯ ಪುಸ್ತಕದ ಹದಿನೇಳು ಅಧ್ಯಾಯದ ಶುದ್ಧಪ್ರತಿ ಇತ್ತು, ಗುಂಡಗಿನ ಅಕ್ಷರದಲ್ಲಿ, ಒಂದು ಚಿತ್ತಿಲ್ಲದೆ. ಹದಿನೆಂಟನೆಯದು ಇರಲಿಲ್ಲ. ಅದು ಇಲ್ಲ ಅನ್ನುವುದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಗುರುವಾರ ಮಾದಿಹಳ್ಳಿ ಸ್ಕೂಲಿಗೆ ಫೋನು ಬಂದಿತ್ತು. ಹೆಡ್‌ಮಾಸ್ಟರ್ ಏಕಾಂತಯ್ಯನವರು ತಾವೇ ಕ್ಲಾಸಿನ ಬಾಗಿಲಿಗೆ ಬಂದು ಕರೆದರು, ತಮ್ಮ ರೂಮಿನಲ್ಲಿ ಫೋನು ಕೈಗೆ ಕೊಟ್ಟು ಎದುರಿಗೇ ಕೂತರು. ಆ ಕಡೆಯಿಂದ ಚನ್ನೇಶ, ದೇವೀರಪ್ಪನವರ ತಮ್ಮನ ಮಗ, ಕೊಬ್ಬರಿ ಮಂಡಿ ನಡೆಸುವವನು, ದೊಡ್ಡಪ್ಪನ ಕೊನೆಯ ಪುಸ್ತಕವನ್ನು ತಾನೇ ಅಚ್ಚು ಹಾಕಿಸುತ್ತೇನೆಂದು ಹಠ ಹಿಡಿದವನು. 'ಸೋಮವಾರ ಹಾಸನಕ್ಕೆ ಪ್ರೆಸ್ಸಿಗೆ ಕೊಡ್ಬೇಕು ಮೇಷ್ಟ್ರೇ. ಎಲ್ಲಾ ರೆಡಿ ತಾನೆ? ಅದಕ್ಕೆ ಮುಂಚೆ ದೊಡ್ಡಮ್ಮ ಒಂದ್ಸಲ ಕೇಳಿಸ್ಕೋಬೇಕಂತೆ. ಪುಸ್ತಕ ಪೂರ್ತಿ ಬೇಡ್ವಂತೆ. ಕೊನೇ ಸಲ ದೊಡ್ಡಪ್ಪ ಹೇಳಿ ಬರೆಸುವಾಗ ದೊಡ್ಡಮ್ಮನ ಹೆಸರು ಹೇಳಿದ್ರಂತಲ್ಲ, ಅದಿಷ್ಟು. ಹೌದಾ ಅದು? ನಿಜವಾಗ್ಲೂ ಹೇಳಿದ್ರಾ?' ಏಕಾಂತಯ್ಯನವರು ಹಾಜರಿ ಪುಸ್ತಕ ನೋಡುವವರ ಹಾಗೆ ಮಾಡುತ್ತ ಕಿವಿ ಇಲ್ಲಿಗೇ ಇಟ್ಟಿದ್ದರು. ಜವರಯ್ಯ 'ಹೌದು' ಎಂದುಬಿಟ್ಟ. ಅಂದ ಮೇಲೆ ಅಂದದ್ದೇ. 'ಭಾನುವಾರ ಬತ್ತೀನಿ' ಎಂದೂ ಅಂದ. ಫೋನಿಟ್ಟು ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ಅರ್ಧ ಬರೆದಿದ್ದ ವಾಕ್ಯ ಹೇಗೆ ಮುಗಿಯಬೇಕಿತ್ತೆಂದು ನೆನಪಾಗಲಿಲ್ಲ, ಒರೆಸಿ ಬೇರೆ ಬರೆದ.

ಹೆಂಡತಿ ಸುಮಿತ್ರಮ್ಮನವರ ಹೆಸರು ದೇವೀರಪ್ಪನವರ ಬಾಯಲ್ಲಿ ಬಂದದ್ದನ್ನು ಅವನು ಕೇಳಿಯೇ ಇರಲಿಲ್ಲ. ಅದೇ ಅವನನ್ನು ಕೊಲ್ಲುತ್ತಿದ್ದದ್ದು. ಅಡಿಗೆಮನೆಯಲ್ಲಿದ್ದ ಆಯಮ್ಮನಿಗೆ ಕೇಳಿಸಿದೆ. ಎರಡು ಮೊಳ ದೂರದಲ್ಲಿ, ಮಣೆಯ ಮೇಲೆ ಕಾಗದವಿಟ್ಟುಕೊಂಡು, ಕೇಳುವುದೇ ಕಸುಬಾಗಿ ಕೂತಿದ್ದ ತನಗೆ ಕೇಳಿಸಿಲ್ಲ. ನವೆಂಬರಿನ ಕೊನೆಯ ಭಾನುವಾರ ಅದು. ದೇವೀರಪ್ಪನವರ ಕಣ್ಣು ಪೂರ್ತಿ ಹೋಗಿ ಐದು ವರ್ಷವಾಗಿತ್ತು, ಅವರು ಗೋಡೆಗೆ ಒರಗಿ ಹೇಳುತ್ತಿದ್ದರು, ಇವನು ಬರೆಯುತ್ತಿದ್ದ. ಹದಿನೆಂಟನೆಯ ಅಧ್ಯಾಯದ ಎರಡನೆಯ ಸಾಲಿಗೆ ಇಂಕು ಮುಗಿಯಿತು. ಯಾವಾಗಲೂ ಎರಡು ಪೆನ್ನು ತರುವವನು, ಎರಡನೆಯದನ್ನು ಜಾವಗಲ್ಲಿನಲ್ಲಿ ಪಕ್ಕ ಕೂತ ಮುದುಕ ಯಾವುದೋ ವಿಳಾಸ ಬರೆದುಕೊಳ್ಳಲು ಇಸಕೊಂಡು ಬಾಣಾವರದಲ್ಲಿ ಪೆನ್ನಿನ ಸಮೇತ ಇಳಿದುಹೋಗಿದ್ದ. 'ಸಾರ್, ಒಂದ್ನಿಮಿಷ' ಎನ್ನಬೇಕಿತ್ತು. ಮೂರು ವರ್ಷದ ಹಿಂದೆ ಒಂದು ನಾಟಕ ಹೇಳಿ ಬರೆಸುತ್ತಿದ್ದಾಗ ಹಾಗೆ ಅಂದದ್ದಕ್ಕೆ ಅವರ ಎಳೆ ತಪ್ಪಿ, ಹಣೆ ಹಣೆ ಚಚ್ಚಿಕೊಂಡು, 'ಹೋಯ್ತಲ್ಲೋ, ಹೋಯ್ತಲ್ಲೋ' ಎಂದು ಕೂಸಿನ ಹಾಗೆ ಅತ್ತಿದ್ದರು. ಆ ನಾಟಕ ಮೂರನೆಯ ಅಂಕದಲ್ಲಿ ಇವತ್ತಿಗೂ ನಿಂತಿದೆ. ಅದಕ್ಕೇ ಅವನು ಬಾಯಿ ಬಿಡಲಿಲ್ಲ. ಪೆನ್ನಿನ ಸದ್ದು ನಿಂತರೆ ಅವರು ಮಾತು ನಿಲ್ಲಿಸುತ್ತಾರೆ, ಅಷ್ಟು ಸೂಕ್ಷ್ಮ ಅವರ ಕಿವಿ. ಆದ್ದರಿಂದ ಒಣಗಿದ ಪೆನ್ನನ್ನೇ ಕಾಗದದ ಮೇಲೆ ಕರಕರ ಎಳೆಯುತ್ತ ಹೋದ. ನೆನಪಿಟ್ಟುಕೊಂಡು ಬಸ್ಸಿನಲ್ಲಿ ಬರೆದರಾಯಿತು ಎಂದುಕೊಂಡ. ಪುಟ ಮಗುಚುವ ಸದ್ದೂ ಮಾಡಿದ, ಹನ್ನೊಂದು ಸಲ.

ನಲವತ್ತು ನಿಮಿಷ ಅವರು ಹೇಳಿದರು. ನಲವತ್ತು ನಿಮಿಷವೂ ಅವನು ಯೋಚಿಸಿದ್ದು ಪೆನ್ನನ್ನು. ಸದ್ದು ಸರಿಯಾಗಿ ಬರುತ್ತಿದೆಯಾ, ತೀರಾ ಜೋರಾಯಿತಾ, ಪೂರ್ಣವಿರಾಮಕ್ಕೆ ಒಂದು ಕ್ಷಣ ಬಿಡುತ್ತಿದ್ದೇನಾ. ಕೊನೆಗೆ ದೇವೀರಪ್ಪನವರು ತಲೆಯನ್ನು ಗೋಡೆಗೆ ಆನಿಸಿ, ಮುಖದ ತುಂಬ ಬೆವರು, 'ಆಯ್ತು ಕಣೋ ಜವರಯ್ಯ. ಇಷ್ಟು ವರ್ಷ ಹೇಳಬೇಕಾದ್ದು ಇದೊಂದು ಇತ್ತು' ಎಂದರು. ಬರೆದದ್ದನ್ನು ಓದಿ ಹೇಳುವುದು ಕ್ರಮ. ಅವರೇ, 'ಇವತ್ತು ಓದಬೇಡ, ಸುಸ್ತಾಗಿದೆ, ಬರೋ ವಾರ ನೋಡಣ' ಎಂದರು. ಬಚಾವಾದೆ ಎನ್ನಿಸಿತು. ನಿಜವಾಗಿ ಹಾಗನ್ನಿಸಿತು, ಸುಳ್ಳು ಯಾಕೆ. ಊಟ ಮಾಡಿ ಎರಡೂವರೆ ಬಸ್ಸು ಹಿಡಿದು, ಬಾಣಾವರ ದಾಟುವ ಹೊತ್ತಿಗೆ ಕುಳಿತು ನೆನೆಸಿಕೊಂಡರೆ, ಏನೂ ಇರಲಿಲ್ಲ. ಹೋಗಲಿ, ಮುಂದಿನ ಭಾನುವಾರ ಹೇಗಾದರೂ ಬಾಯಿ ಬಿಡಿಸಿದರಾಯಿತು ಅಂದುಕೊಂಡ. ಆ ಗುರುವಾರವೇ ಬೆಳಿಗ್ಗೆ ದೇವೀರಪ್ಪನವರು ಬಚ್ಚಲಿನಲ್ಲಿ ಬಿದ್ದರು, ಮತ್ತೆ ಏಳಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಆ ಹನ್ನೊಂದು ಹಾಳೆಯನ್ನು ತೆಗೆದು ಸೂರ್ಯನಿಗೆ ಓರೆಯಾಗಿ ಹಿಡಿದು ನೋಡಿದ. ಆಮೇಲೆ ಹೊಳೆದು ಪೆನ್ಸಿಲಿನ ಪುಡಿ ತಿಕ್ಕಿದ. ಇಂಕಿನ ಮೊದಲ ಸಾಲಿನ ಕೆಳಗೆ, ಒತ್ತಿದ ಗೀರಿನಲ್ಲಿ ಎರಡನೆಯದು ಬಿಳಿಯಾಗಿ ಎದ್ದಿತು. 'ಇಲ್ಲಿಯವರೆಗೆ ನಾನು ಬರೆದುದರಲ್ಲೆಲ್ಲ ಒಂದು ತಪ್ಪು ಉಳಿದುಕೊಂಡಿದೆ. ಅದನ್ನು ಹೇಳದೆ ಈ ಪುಸ್ತಕವನ್ನು ಮುಗಿಸಿದರೆ.' ಅಷ್ಟೇ. ಅಲ್ಲಿಂದ ಮುಂದೆ ಅಕ್ಷರವೇ ಅಲ್ಲ, ಬರೀ ಸುರುಳಿ, ಒಂದನೆಯ ಕ್ಲಾಸಿನ ಹುಡುಗರು ಸ್ಲೇಟಿನ ಮೇಲೆ ಎಳೆಯುವಂಥ ಸುರುಳಿ. ಹನ್ನೊಂದು ಪುಟ. ಹೆಂಡತಿ ಮುದ್ದಮ್ಮ ಒಳಗಿನಿಂದ ಬಂದು ಅವನ ಕಪ್ಪಾದ ಕೈ ನೋಡಿ, 'ಏನ್ರೀ ಇದು, ಇದ್ದಿಲು ಮಾರಕ್ಕೆ ಹೋಗಿದ್ರಾ' ಎಂದಳು. ಅವನು ಜಗುಲಿಯ ಮೇಲೆ ಕೂತು ಅತ್ತ. ಮುದ್ದಮ್ಮ, ಗುರುಗಳಿಗಾಗಿ ಅಳುತ್ತಿದ್ದಾನೆಂದುಕೊಂಡು, ನೀರು ತಂದಿಟ್ಟು ಸುಮ್ಮನೆ ಹೋದಳು. ಅವಳಿಗೂ ಹೇಳಿಲ್ಲ.

ಹೇಳುವುದೇನು, ಬರೆದೇ ಬಿಡಬಹುದಿತ್ತು. ಡಿಸೆಂಬರಿನಲ್ಲಿ ನಾಲ್ಕು ದಿನ ಬೆಳಗಿನ ಜಾವ ಕೂತು ಬರೆದೂ ಬಿಟ್ಟಿದ್ದ. ದೇವೀರಪ್ಪನವರ ವಾಕ್ಯ ಎಲ್ಲಿ ತಿರುಗುತ್ತದೆ, ಎಲ್ಲಿ ಒಂದು ಪ್ರಶ್ನೆ ಹಾಕಿ ಓದುವವನನ್ನು ಕಂಬಕ್ಕೆ ಕಟ್ಟಿ ಹಾಕುತ್ತದೆ, ಅವನಿಗಿಂತ ಬಲ್ಲವರು ಯಾರು? ಹದಿನೆಂಟು ಪುಸ್ತಕ ಕೈಯಾರೆ ನಕಲು ಮಾಡಿದವನು. ತರ್ಕದ ಮೇಲೆ ಎರಡು, ನಾಟಕ ಐದು, ಮಕ್ಕಳ ಪದ್ಯ, ಪ್ರಾಕೃತದಿಂದ ಮಾಡಿದ ಅನುವಾದ, ಕೊಬ್ಬರಿ ವ್ಯಾಪಾರದ ಮಂಡಿ ಬಿಟ್ಟು ಫಿಲಾಸಫಿ ಓದಲು ಮೈಸೂರಿಗೆ ಓಡಿಹೋದ ತಮ್ಮದೇ ಕಥೆ. ಹಳೇಬೀಡಿನ ದೇವಸ್ಥಾನದ ಮೇಲಿನ ದೊಡ್ಡ ಪುಸ್ತಕ ಬೇರೆ. ಕೆತ್ತದೆ ಬಿಟ್ಟ ಕಲ್ಲುಗಳು ಅರ್ಧಕ್ಕೆ ನಿಂತವಲ್ಲ, ಶಿಲ್ಪಿಗೆ ಕಾಣಬೇಕಾದ್ದು ಕಂಡಾಯಿತೆಂದು ನಿಂತವು ಅನ್ನುವುದು ಅವರ ವಾದ. ಬೇಲೂರಿನ ಕಡೆಯ ಪಂಡಿತರು ಅದನ್ನು ಹರಿದು ಮುಕ್ಕಿದರು. ಎಲ್ಲ ಪುಸ್ತಕದ ಎರಡನೆಯ ಪುಟದಲ್ಲಿ, ಕೆಳಗೆ, ಸಣ್ಣ ಅಕ್ಷರದಲ್ಲಿ, 'ಶುದ್ಧಪ್ರತಿ: ಜವರಯ್ಯ, ಬಸ್ತಿಹಳ್ಳಿ'. ಹಾಗೆ ಅವನು ಬರೆದ ಹದಿನೆಂಟನೆಯ ಅಧ್ಯಾಯ ಎಷ್ಟು ಚೆನ್ನಾಗಿ ಬಂದಿತೆಂದರೆ, ಓದಿಕೊಂಡಾಗ ಮೈ ತಣ್ಣಗಾಯಿತು. ದೇವೀರಪ್ಪನವರೇ ಇಷ್ಟು ದೇವೀರಪ್ಪನವರ ಹಾಗೆ ಬರೆದಿರಲಿಲ್ಲ. ಅದರಲ್ಲಿ ಅವರು ಹೇಳಬೇಕೆಂದಿದ್ದ ಆ ತಪ್ಪೊಂದೇ ಇರಲಿಲ್ಲ, ತಪ್ಪು ಯಾವುದೆಂದು ಇವನಿಗೆ ಗೊತ್ತಿಲ್ಲವಲ್ಲ. ಹರಿದು ಒಲೆಗೆ ಹಾಕಿದ.

ಬಸ್ಸು ಜಾವಗಲ್ಲಿನಲ್ಲಿ ನಿಂತಿತು. ಇಬ್ಬರು ಹೆಂಗಸರು ಸೊಪ್ಪಿನ ಹೊರೆಯನ್ನು ಕಾಲುದಾರಿಗೇ ಇಟ್ಟು ಕೂತರು, ಹನುಮಯ್ಯ ಬೈದ, ಅವರೂ ಬೈದರು. ಜವರಯ್ಯ ಫೈಲಿನ ಮೂಲೆಯನ್ನು ಬೆರಳಿನಿಂದ ತೀಡುತ್ತ, ಮೇಜಿನ ಮೇಲೆ ಪೆನ್ನು ಇತ್ತಲ್ಲ ಎಂದುಕೊಂಡ. ಆ ಭಾನುವಾರ, ಎದುರಿಗೇ, ದೇವೀರಪ್ಪನವರ ಮೇಜಿನ ಮೇಲೆ ಅವರ ಹಳೆಯ ಪೆನ್ನು ಇತ್ತು, ತುಂಬಿದ ಇಂಕಿನ ಶೀಶೆಯೂ ಇತ್ತು. ಕಣ್ಣು ಹೋದ ಮೇಲೂ ಅವರು ಅದನ್ನು ತೆಗೆಸಿರಲಿಲ್ಲ. ಎದ್ದು ಕೈ ಚಾಚಿದರೆ ಸಿಗುತ್ತಿತ್ತು, ಮಾತಾಡುವ ಅಗತ್ಯವೂ ಇರಲಿಲ್ಲ. ಎಳೆ ತಪ್ಪುತ್ತದೆ ಅನ್ನುವುದೆಲ್ಲ ಬಿಡು, ಅದು ಊರಿಗೆ ಹೇಳುವ ಕಾರಣ. ಕೈ ಯಾಕೆ ಹೋಗಲಿಲ್ಲ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಎಪ್ಪತ್ತೆರಡನೆಯ ಇಸವಿ, ಬಿ.ಎ. ಮುಗಿಸಿದ ವರ್ಷ, ಅಕ್ಷರ ಚೆನ್ನಾಗಿದೆ ಎಂದು ದೇವೀರಪ್ಪನವರು ಮೊದಲ ಸಲ ಮನೆಗೆ ಕರೆದು, ತಮ್ಮ ಹಿತ್ತಾಳೆ ಕ್ಯಾಪಿನ ಪೆನ್ನನ್ನೇ ಕೈಗಿತ್ತು, 'ಇದರಲ್ಲಿ ಬರಿ, ಅಕ್ಷರ ನಿಲ್ಲುತ್ತೆ' ಎಂದಿದ್ದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಬರೆದ. ಅಂಥ ಪೆನ್ನಿನಲ್ಲಿ ಅವನು ಬರೆದದ್ದೇ ಇಲ್ಲ. ಕೈ ತೊಳೆಯಲು ಹಿತ್ತಲಿಗೆ ಹೋದವನು ವಾಪಸ್ಸು ಬರುವಾಗ ಬಚ್ಚಲ ಕಲ್ಲಿನ ಹತ್ತಿರ ಸುಮಿತ್ರಮ್ಮ ಕುಕ್ಕರಗಾಲಿನಲ್ಲಿ ಕೂತಿದ್ದರು. ಚೊಂಬು ತೊಳೆಯುವ ಹಾಗೆ ಪೆನ್ನಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ನೀಲಿ ನೀರು ಮೋರಿಗೆ ಹೋಗುತ್ತಿತ್ತು.

ಅವರು ಅವನನ್ನು ನೋಡಲಿಲ್ಲ, ಅಥವಾ ನೋಡಿಲ್ಲವೆಂದು ಅವನು ನಂಬಿಕೊಂಡ. ಅತ್ತೆಯ ಮಾತು ಮೀರಲಾರದೆ ಮಾಡಿರಬೇಕು ಎಂದು ಅವರ ಪರವಾಗಿ ತಾನೇ ವಕಾಲತ್ತು ವಹಿಸಿ ವಾದ ಮಾಡಿಕೊಂಡ. ಅತ್ತೆ ಆಗ ಇದ್ದರು, ನಡುಮನೆಯಲ್ಲಿ, ವಿಭೂತಿ ಗಟ್ಟಿಯ ಹಾಗೆ ಬೆಳ್ಳಗೆ. ಹುಣಸೆಹಣ್ಣಿನ ಹುಳಿಗೆ ನಿಬ್ಬು ಕೆಟ್ಟು, ಮುಂದಿನ ವಾರ ದೇವೀರಪ್ಪನವರು ಪೆನ್ನು ಒದರುತ್ತ, 'ಇದಕ್ಕೇನು ಬಂತಪ್ಪಾ ರೋಗ' ಎಂದರು. ಆ ತಿಂಗಳೇ ಅವರು ಬರೆಯುತ್ತಿದ್ದದ್ದು ಮುಟ್ಟುವುದರ ಬಗ್ಗೆ ಒಂದು ಪ್ರಬಂಧ. ಮನುಷ್ಯ ಮನುಷ್ಯನನ್ನು ಮುಟ್ಟಲು ಹೆದರಿದಾಗ ಕಲುಷಿತವಾಗುವುದು ಅರಿವು ಎಂದು ಮೂವತ್ತು ಪುಟ. ಓದಿದವರೆಲ್ಲ ಕಣ್ಣೀರು ಹಾಕಿದರು. ಅದರ ಶುದ್ಧಪ್ರತಿಯನ್ನು ಜವರಯ್ಯ ತನ್ನ ಸ್ವಂತ ಪೆನ್ನಿನಲ್ಲಿ ಬರೆದ. ಅಂದಿನಿಂದ ಆ ಮನೆಯಲ್ಲಿ ಅವನು ಪೆನ್ನು ಕೇಳಿಲ್ಲ. ಅತ್ತೆ ಹೋದರು, ಕಾಫಿಯ ಲೋಟ ಬದಲಾಯಿತು, ಊಟ ಜಗುಲಿಯಿಂದ ಪಡಸಾಲೆಗೆ, ಪಡಸಾಲೆಯಿಂದ ನಡುಮನೆಗೆ ಬಂತು, ಮುದ್ದಮ್ಮನಿಗೆ ಬಾಣಂತನವಾದಾಗ ಸುಮಿತ್ರಮ್ಮ ತಾವೇ ಕೊಬ್ಬರಿ ಅಂಟಿನುಂಡೆ ಕಟ್ಟಿ ಕಳಿಸಿದರು. ಎಲ್ಲ ಬದಲಾಯಿತು. ಅವನ ಕೈ ಬದಲಾಗಲಿಲ್ಲ. ಈಗ ಅನ್ನಿಸುತ್ತಿತ್ತು, ಆಯಮ್ಮ ಇವತ್ತು ಕೇಳುತ್ತಿರುವ ಮಾತನ್ನು ಆಯಮ್ಮನೇ ಇಪ್ಪತ್ತಾರು ವರ್ಷದ ಹಿಂದೆ ಮೋರಿಗೆ ಬಿಟ್ಟಾಯಿತು. ಹೋಗಿ ಹಾಗೆಂದು ಹೇಳಿಬಿಟ್ಟರೆ? ಹೇಳಿದರೆ ಅದು ನಿಜವೇ. ಆ ಯೋಚನೆಯಿಂದ ಸಿಕ್ಕ ಸುಖಕ್ಕೆ ಅವನಿಗೇ ನಾಚಿಕೆಯಾಗಿ ಕಿಟಕಿಯ ಆಚೆ ನೋಡಿದ.

ಕಣ್ಣು ಮಂಜಾಗಲು ಶುರುವಾದ ವರ್ಷ ದೇವೀರಪ್ಪನವರು ಬಸ್ತಿಹಳ್ಳಿಗೆ ಬಂದಿದ್ದರು. ಬಸದಿಯ ಒಳಗೆ ಕನ್ನಡಿಯ ಹಾಗೆ ನುಣುಪು ಮಾಡಿದ ಕಂಬಗಳಿವೆ, ಎದುರು ನಿಂತರೆ ಮುಖ ಕಾಣುತ್ತದೆ. ಹುಡುಗನಾಗಿದ್ದಾಗ ಜವರಯ್ಯ ಹೊರಗೆ ನಿಂತು ಟೂರಿಸ್ಟರು ಹಲ್ಲು ಕಿಸಿದು ನೋಡಿಕೊಳ್ಳುವುದನ್ನು ನೋಡಿ ನಗುತ್ತಿದ್ದ. ದೇವೀರಪ್ಪನವರು ಒಂದು ಕಂಬದ ಎದುರು ಬಹಳ ಹೊತ್ತು ನಿಂತು, 'ಜವರಯ್ಯ, ನಾನು ಕಾಣ್ತಿದೀನೇನೋ ಇದರಲ್ಲಿ?' ಎಂದರು. 'ಕಾಣ್ತೀರಿ ಸಾರ್.' 'ನೀನು?' 'ನಾನೂ ಕಾಣ್ತೀನಿ.' 'ಇನ್ಯಾರು?' ಇನ್ಯಾರೂ ಇರಲಿಲ್ಲ. ಸುಮಿತ್ರಮ್ಮ ಹೊರಗೆ ಬೇಲಿಯ ಪಕ್ಕ, ಬುತ್ತಿಯ ಡಬ್ಬಿ ಕಾಯುತ್ತ ಕೂತಿದ್ದರು. ಒಳಗೆ ಕರೆಯಬೇಕೆಂದು ಇಬ್ಬರಿಗೂ ತೋಚಿರಲಿಲ್ಲ. ಮನೆಗೆ ಬಂದ ದೊಡ್ಡ ದೊಡ್ಡ ಪ್ರೊಫೆಸರುಗಳಿಗೆ ದೇವೀರಪ್ಪನವರು, 'ನಮ್ಮ ಮನೆಯವರಿಗೆ ಅಕ್ಷರ ಗೊತ್ತಿಲ್ಲ, ಅದಕ್ಕೇ ನಾನು ಬರೆದದ್ದನ್ನು ಸಹಿಸಿಕೊಂಡಿದ್ದಾರೆ' ಎಂದು ತಮಾಷೆ ಮಾಡುವರು. ಪ್ರೊಫೆಸರುಗಳು ನಗುವರು, ಜವರಯ್ಯನೂ ನಗುವನು. ಸುಮಿತ್ರಮ್ಮ ಕಾಫಿಯ ತಟ್ಟೆ ಇಟ್ಟು ಒಳಗೆ ಹೋಗುವರು. ಅಷ್ಟು ಬುದ್ಧಿವಂತರಾದ ಸಾರ್ ದಿನಕ್ಕೆ ಎರಡಕ್ಷರ ಕಲಿಸಿದ್ದರೂ ಒಂದು ತಿಂಗಳಿನಲ್ಲಿ ಆಗುತ್ತಿತ್ತಲ್ಲ. ತಾನಾದರೂ ಕಲಿಸಬಹುದಿತ್ತು, ಮೇಷ್ಟ್ರಲ್ಲವೇ ತಾನು. ಬಸ್ಸು ಬಾಣಾವರ ದಾಟಿತು.

ಮಂಡಿ ಬೀದಿಯಲ್ಲಿ ಭಾನುವಾರವಾದ್ದರಿಂದ ಅಂಗಡಿಗಳು ಮುಚ್ಚಿದ್ದವು, ಕೊಬ್ಬರಿಯ ವಾಸನೆ ಮಾತ್ರ ಇತ್ತು. ಬಾಗಿಲು ತೆರೆದೇ ಇತ್ತು. ಸುಮಿತ್ರಮ್ಮ ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು, ಮದುವೆ ಮುಂಜಿಗೆ ಉಡುವ ರೇಷ್ಮೆ ಅಂಚಿನ ಸೀರೆ ಉಟ್ಟು ನಡುಮನೆಯಲ್ಲಿ ಕೂತಿದ್ದರು. ಆ ಸೀರೆ ನೋಡಿ ಜವರಯ್ಯನಿಗೆ ವಾಪಸ್ಸು ಓಡಿಹೋಗಬೇಕೆನ್ನಿಸಿತು. 'ಬನ್ನಿ ಮೇಷ್ಟ್ರೇ. ಮುದ್ದಮ್ಮ ಹೆಂಗವ್ರೆ? ನೀವ್ ಸೊರಗಿದೀರಲ್ಲ' ಎಂದರು. ಅವನು ಎಂದಿನ ಜಾಗದಲ್ಲಿ ಕೂರಲು ಹೋದ. 'ಅಲ್ಲಿ ಬ್ಯಾಡಿ. ಅವರ ಜಾಗದಾಗೆ ಕೂತ್ಕಳಿ, ಬೆಳಕೈತೆ' ಎಂದರು. ದೇವೀರಪ್ಪನವರ ಬೆನ್ನು ತಾಗಿ ತಾಗಿ ಎಣ್ಣೆಗಟ್ಟಿದ ಗೋಡೆಗೆ ಬೆನ್ನು ಕೊಡದೆ ನೆಟ್ಟಗೆ ಕೂತ.

'ನಂದು ಏನೂ ಅವಸರ ಇಲ್ಲ' ಎಂದರು ಸುಮಿತ್ರಮ್ಮ. 'ಚನ್ನೇಶಂಗೆ ಹೇಳ್ದೆ, ಅಚ್ಚಾಗಿ ಬಂದ್ಮೇಲೆ ಯಾರ್ ಓದಿ ಹೇಳ್ತಾರೆ ನಂಗೆ, ಮೇಷ್ಟ್ರ ಬಾಯಲ್ಲೇ ಕೇಳ್ಬಿಡ್ತೀನಿ ಅಂತ. ನಲವತ್ತೇಳು ವರ್ಷ ಆಯ್ತು ಈ ಮನೆಗೆ ಬಂದು. ಏನೇನೋ ಬರೆದ್ರು. ಕಲ್ಲಿನ ಮ್ಯಾಲೆ ಬರೆದ್ರು, ಗಿಣಿ ಮ್ಯಾಲೆ ಬರೆದ್ರು. ಒಂದ್ಸಲ ನನ್ನ ಹೆಸರು ಬಂದಿದ್ದು ಇದೇ.' ಅವರು ಸೆರಗು ಹೊದ್ದು, ಮಡಿಲಲ್ಲಿ ಕೈ ಜೋಡಿಸಿ, ಪುರಾಣ ಕೇಳುವವರ ಹಾಗೆ ತಲೆ ತುಸು ಬಗ್ಗಿಸಿದರು. ಇಪ್ಪತ್ತಾರು ವರ್ಷದಲ್ಲಿ ಅವನು ಆ ಮುಖವನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಬಾಯಿಯ ಸುತ್ತ ಏನೋ ಸಣ್ಣ ಹೆದರಿಕೆ. ಗಂಡ ಒಳ್ಳೆಯದು ಹೇಳಿದ್ದಾನೋ ಕೆಟ್ಟದ್ದು ಹೇಳಿದ್ದಾನೋ ಅನ್ನುವುದೂ ಈ ಹೆಂಗಸಿಗೆ ಗೊತ್ತಿಲ್ಲ ಎಂದು ಅವನಿಗೆ ಆಗ ಹೊಳೆಯಿತು. ಬಸ್ಸಿನಲ್ಲಿ ಬರುವಾಗ ಹೇಳಿಬಿಡುತ್ತೇನೆಂದು ಕಟ್ಟಿಕೊಂಡು ಬಂದಿದ್ದ ಮಾತನ್ನು ಅಲ್ಲೇ ಬಿಟ್ಟುಬಿಟ್ಟ.

ಫೈಲು ಬಿಚ್ಚಿ ಹದಿನೇಳನೆಯ ಅಧ್ಯಾಯದ ಒಂದು ಹಾಳೆ ತೆಗೆದ. ನೆರಳು ಮತ್ತು ವಸ್ತುವಿನ ಸಂಬಂಧದ ಬಗ್ಗೆ ಇತ್ತು ಅದು. ಕಣ್ಣನ್ನು ಅದರ ಮೇಲೆ ಇಟ್ಟು ಓದಿದ:

'ಇಲ್ಲಿಯವರೆಗೆ ನಾನು ಬರೆದುದರಲ್ಲೆಲ್ಲ ಒಂದು ತಪ್ಪು ಉಳಿದುಕೊಂಡಿದೆ. ಅದನ್ನು ಹೇಳದೆ ಈ ಪುಸ್ತಕವನ್ನು ಮುಗಿಸಿದರೆ ನಾನು ಕಂಡದ್ದೆಲ್ಲ ಸುಳ್ಳಾಗುತ್ತದೆ. ಬರೆಯಲು ಬೇಕಾದ ನಿಶ್ಶಬ್ದ ನನ್ನದೆಂದು ತಿಳಿದಿದ್ದೆ. ಅದು ಸುಮಿತ್ರ ಕೊಟ್ಟದ್ದು. ಅವಳಿಗೆ ಅಕ್ಷರ ಗೊತ್ತಿಲ್ಲವೆಂದು ಕಂಡವರಿಗೆಲ್ಲ ಹೇಳಿಕೊಂಡು ಬಂದೆ. ನಾನು ಕಲಿಸಲಿಲ್ಲವೆಂದು ಒಬ್ಬರಿಗೂ ಹೇಳಲಿಲ್ಲ.'

ಇನ್ನೂ ಏನೋ ಎರಡು ಮೂರು ವಾಕ್ಯ ಹೇಳಿದ, 'ಅವಳನ್ನು ನೋಡದೆಯೇ, ನೋಡುವುದೆಂದರೇನೆಂದು ಬರೆದ ಮೂರ್ಖ ನಾನು' ಎಂದೋ ಏನೋ. ನಿಲ್ಲಿಸಿದ. ಸುಮಿತ್ರಮ್ಮನ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೊರಗೆ ರೈಲು ಕೂಗಿತು. ಜವರಯ್ಯನಿಗೆ, ಆಯಿತು, ಮುಗಿಯಿತು, ಪಾಪವೋ ಪುಣ್ಯವೋ ಒಂದು ಜೀವಕ್ಕೆ ನೆಮ್ಮದಿಯಾಯಿತು ಎನ್ನಿಸಿತು. ಮನೆಗೆ ಹೋಗಿ ಇದನ್ನೇ ಬರೆದು ನಾಳೆ ಪ್ರೆಸ್ಸಿಗೆ ಕೊಡಬಹುದು ಎಂದು ಕೂಡ ಅನ್ನಿಸಿತು, ಅಷ್ಟು ಬೇಗ.

'ಇನ್ನೊಂದ್ಸಲ ಓದಿ ಮೇಷ್ಟ್ರೇ' ಎಂದರು ಸುಮಿತ್ರಮ್ಮ.

ಅವನು ಹಾಳೆ ನೋಡಿದ. ಹಾಳೆಯಲ್ಲಿ ನೆರಳು ಮತ್ತು ವಸ್ತು. ಮೊದಲ ಸಾಲು ಸರಿಯಾಗಿ ಬಂತು, ಎರಡನೆಯದೂ ಬಂತು. ಆಮೇಲೆ, 'ನನ್ನ ಬರವಣಿಗೆಗೆ ಬೇಕಾದ ಬಿಡುವನ್ನು ಕೊಟ್ಟವಳು ಸುಮಿತ್ರ' ಎಂದ. ಬಿಡುವೋ ನಿಶ್ಶಬ್ದವೋ. 'ಅವಳಿಗೆ ನಾನು ಅಕ್ಷರ ಕಲಿಸಲಿಲ್ಲ. ಅದೇ ನಾನು ಮಾಡಿದ ದೊಡ್ಡ ತಪ್ಪು' ಎಂದ. ಸ್ಕೂಲಿನ ಕಾಪಿ ಬರಹದ ವಾಕ್ಯದ ಹಾಗಿತ್ತು. ಅವನ ಕಿವಿಗೇ ಕೇಳಿಸಿತು. ಮಧ್ಯದಲ್ಲಿ ಒಂದೆರಡು ದೊಡ್ಡ ಮಾತು ಸೇರಿಸಿ, ಬೇಗಬೇಗ ಮುಗಿಸಿದ.

ಸುಮಿತ್ರಮ್ಮ ಮೆತ್ತಗೆ, 'ಮೊದಲು ಓದಿದ್ದೇ ಚೆನ್ನಾಗಿತ್ತು' ಎಂದರು.

ಅವನು ಹಾಳೆಯನ್ನು ಫೈಲಿಗೆ ಸೇರಿಸಲು ಹೋಗಿ, ಸೇರಿಸದೆ ನೆಲದ ಮೇಲಿಟ್ಟ. 'ಅಮ್ಮಾ' ಎಂದ. 'ನಾನು ಬರ್ಕಂಡಿಲ್ಲ ಅಮ್ಮಾ. ಅವತ್ತು ಸಾರ್ ಹೇಳಿದ್ದು ಒಂದಕ್ಷರಾನೂ ಇಲ್ಲ. ಮೊದಲಿನ ಎರಡು ಸಾಲು ಬಿಟ್ರೆ ಎಲ್ಲ ನಾನ್ ಹುಟ್ಟಿಸಿದ್ದು. ಪೆನ್ನಲ್ಲಿ ಇಂಕು ಮುಗಿದಿತ್ತು. ಸುಮ್ನೆ ಗೀಚ್ತಾ ಕೂತಿದ್ದೆ.'

'ನಂಗೆ ಸದ್ದು ಕೇಳಿಸ್ತಿತ್ತಲ್ಲ.'

'ಬರೀ ಸದ್ದು.'

'ಕೇಳಬಾರದಾಗಿತ್ತಾ?' ಎಂದರು ಸುಮಿತ್ರಮ್ಮ. ಅವರಿಗೆ ಸಿಟ್ಟು ಬಂದಿತ್ತು, ಮೊದಲ ಸಲ ಅವನ ಮೇಲೆ. 'ಮನೇಲಿ ಪೆನ್ನಿಗೆ ಬರವಾ? ಮೇಜಿನ ಮ್ಯಾಲೆ ಅವರದ್ದೇ ಬಿದ್ದಿತ್ತು. ಎದ್ದು ತಗಳೋಕೆ ಏನಾಗಿತ್ತು ನಿಮಗೆ?'

ಇಪ್ಪತ್ತಾರು ವರ್ಷದಿಂದ ಕಾದಿದ್ದ ಜಾಗ ಇದು. ಹೇಳಿದರೆ ಒಂದು ವಾಕ್ಯ. ಆಯಮ್ಮನೇ ಬಾಗಿಲು ತೆಗೆದುಕೊಟ್ಟಿದ್ದಾರೆ. ಜವರಯ್ಯ ತಲೆ ಎತ್ತಿ ಅವರ ಕಡೆ ನೋಡಿದ, ಅಷ್ಟೇ. ಹೇಳಬಾರದೆಂದಲ್ಲ, ಆ ಹೊತ್ತಿಗೆ ಅದು ಬೇಡವಾಗಿತ್ತು, ಹಸಿವು ಸತ್ತವನಿಗೆ ಎಲೆ ಹಾಕಿದ ಹಾಗೆ. ಸುಮಿತ್ರಮ್ಮನ ಸಿಟ್ಟಿನ ಮುಖ ಅವನ ಮುಖದ ಮೇಲೇ ನಿಂತಿತ್ತು. ನಿಂತು ನಿಂತು ನಿಧಾನವಾಗಿ ಬದಲಾಯಿತು. ಅವರು ತಮ್ಮ ಕೈ ನೋಡಿಕೊಂಡರು.

'ನೋಡಿದ್ರಾ ನೀವು?' ಎಂದರು.

'ನೋಡ್ದೆ.'

ಅತ್ತೆ ಹೇಳಿದ್ದಕ್ಕೆ ಮಾಡಿದೆ ಎನ್ನುತ್ತಾರೇನೋ ಎಂದು ಅವನು ಕಾದ. ಹಾಗೆ ಅಂದರೆ ಹೌದಮ್ಮ ನನಗೆ ಗೊತ್ತು ಎನ್ನಲು ಸಿದ್ಧನಾಗಿದ್ದ. ಅವರು ಅದನ್ನು ಹೇಳಲಿಲ್ಲ. 'ಅವತ್ತೇ ಯಾಕ್ ಬಿಟ್ಟು ಹೋಗ್ಲಿಲ್ಲ ನೀವು' ಎಂದರು. ಸಾರ್ ಅಂದರೆ ಪ್ರೀತಿ ಇತ್ತು, ಅಷ್ಟೇ. ಅದನ್ನು ಬಾಯಿ ಬಿಟ್ಟು ಹೇಳಲು ಸಂಕೋಚವಾಯಿತು. ಎದುರು ಮನೆಯ ರೇಡಿಯೋದಲ್ಲಿ ಯಾರೋ ಕೊಬ್ಬರಿ ಧಾರಣೆ ಹೇಳಿ ಮುಗಿಸಿದರು.

'ನಾಳೆ ಅಚ್ಚಿಗೆ ಏನ್ ಕೊಡ್ತೀರಿ?' ಎಂದು ಕೇಳಿದರು ಸುಮಿತ್ರಮ್ಮ.

'ಆ ಎರಡು ಸಾಲು ಕೊಡ್ತೀನಿ. ಮಿಕ್ಕಿದ್ದು ನನ್ನಿಂದ ಹಾಳಾಯ್ತು ಅಂತ ಕೆಳಗೆ ಬರೀತೀನಿ. ನನ್ನ ಹೆಸರು ಹಾಕಿ.'

ಬೇಡವೆನ್ನುತ್ತಾರೆಂದುಕೊಂಡ. ಅವರು ತಲೆಯಾಡಿಸಿದರು. ಎದ್ದು ಒಳಗೆ ಹೋಗಿ ಕಣ್ಣು ಒರೆಸಿಕೊಂಡು, ಮತ್ತೆ ಬಂದು ಕೂತರು. 'ಹಂಗಾದ್ರೆ ನಾನ್ ಕೇಳಿಸ್ಕೊಂಡಷ್ಟನ್ನೂ ಸೇರಿಸಿ. ಅವರು ಹೇಳಿದ್ದೇ ಅದು, ಹುಟ್ಟಿಸಿದ್ದಲ್ಲ. ಬರ್ಕಳಿ.'

ಜವರಯ್ಯ ಬಿಳಿ ಹಾಳೆ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮೊದಲಿನ ಎರಡು ಸಾಲು ಬರೆದ. ಎರಡನೆಯದು ಅರ್ಧಕ್ಕೇ ನಿಂತಿತು, ಅಲ್ಲಿಂದ ಮುಂದಕ್ಕೆ ಕಾದ.

'ಸುಮಿತ್ರ, ಅಂದ್ರು' ಎಂದರು ಸುಮಿತ್ರಮ್ಮ.

ಬರೆದ. ಆ ಹೆಸರನ್ನು ಅವನು ಎಂದೂ ಬರೆದಿರಲಿಲ್ಲ. 'ಆಮೇಲೆ?' ಎಂದ.

ಅವರು ಅಡಿಗೆಮನೆಯ ಬಾಗಿಲ ಕಡೆ ನೋಡಿದರು. ಅವನು ತಲೆ ಎತ್ತಿ, ಇನ್ನೂ ಮೆತ್ತಗೆ, 'ಆಮೇಲೆ ಏನಂದ್ರಮ್ಮಾ?' ಎಂದು ಕೇಳಿದ.

'ಗೊತ್ತಿಲ್ಲ ಮೇಷ್ಟ್ರೇ' ಎಂದರು ಸುಮಿತ್ರಮ್ಮ. 'ಏನೋ ಹೇಳ್ತಾನೇ ಇದ್ರು, ಬಾಗಿಲಿಗೆ ಬಂದು ನಿಂತಿದ್ರೆ ಆಗ್ತಿತ್ತು. ನಿಮಗೆ ಎರಡೂವರೆ ಬಸ್ಸು ತಪ್ಪತ್ತೆ, ಉಣ್ಣದೇ ಹೋಗ್ಬಿಡ್ತೀರಿ ಅಂತ ಸಾರಿಗೆ ಒಗ್ಗರಣೆ ಹಾಕ್ಬಿಟ್ಟೆ. ಅದರ ಸದ್ದಿಗೆ ಕೇಳಿಸ್ಲಿಲ್ಲ.'